ಟ್ರೇಸಿಂಗ್ ಪೇಪರಿನ ದಾಸವಾಳ

ನಮ್ಮ ಶಂಕರಪುರಂ ಮನೆಗೆ ಕಾಫಿಗೆಂದು ಬರುತ್ತಿದ್ದ ಡ್ರಾಯಿಂಗ್ ಮೇಷ್ಟರಷ್ಟು ದಡ್ಡರನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ದಡ್ಡರನ್ನು ಸಾಕಷ್ಟು ಕಂಡಿದ್ದೇನೆ.

ನನಗಾಗ ಹದಿಮೂರು ವರ್ಷ. ಇಂಜಿನಿಯರುಗಳ ನಕ್ಷೆಯ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಗೆರೆಯ ಮೇಲೆ ಗೆರೆ ಎಳೆಯುವುದು ಅಪ್ಪನ ಕಚೇರಿ ಕೆಲಸ. ಕತ್ತರಿಸಿ ಉಳಿದ ಚೂರುಗಳು ನನಗೆ ಬರುತ್ತಿದ್ದವು. ನೀರು ತಾಗಿದರೆ ಆ ಕಾಗದ ಹಪ್ಪಳದ ಹಾಗೆ ಸೊಟ್ಟಗಾಗುತ್ತಿತ್ತು. ಅದಕ್ಕೇ ಬಣ್ಣವನ್ನು ಗಟ್ಟಿಯಾಗಿ ಕಲಸಿ, ಕೆಂಪನ್ನು ಹಿಂಬದಿಗೆ ಹಚ್ಚಿ, ಎಸಳಿನ ನರಗಳನ್ನಷ್ಟೇ ಮುಂಬದಿಗೆ ಬರೆಯುತ್ತಿದ್ದೆ. ಕಿಟಕಿಗೆ ಹಿಡಿದರೆ ಕೆಂಪು ಎಸಳೊಳಗಿನಿಂದಲೇ ಬಂದಂತೆ ಕಾಣುತ್ತಿತ್ತು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೂವು ಸಿಗುವುದೇ ಕಷ್ಟ. ಹಿತ್ತಲಿನ ದಾಸವಾಳವನ್ನೆಲ್ಲ ಅಜ್ಜಿ ಬೆಳಗಾಗುತ್ತಲೇ ಪೂಜೆಗೆ ಕಿತ್ತುಬಿಡುತ್ತಿದ್ದರು. ಮೂಸಿದ ಹೂವು ದೇವರಿಗೆ ಬರುವುದಿಲ್ಲವಲ್ಲ. ನಾನು ಅವರಿಗಿಂತ ಮುಂಚೆ ಎದ್ದು, ಒಂದು ಹೂವಿಗೆ ಮೂಗು ತಾಗಿಸಿ, ಮೂಸಿಬಿಟ್ಟೆ ಎಂದು ಹೇಳಿಬಿಡುತ್ತಿದ್ದೆ. ಅಜ್ಜಿ ಬೈದುಕೊಂಡು ಅದನ್ನು ಗಿಡದಲ್ಲೇ ಬಿಡುತ್ತಿದ್ದರು.

ಆ ವರ್ಷ ಸ್ಕೂಲಿನ ಪ್ರದರ್ಶನಕ್ಕೆ ಚಿತ್ರ ಆರಿಸುವವರು ಇದೇ ಮೇಷ್ಟರು. ನನ್ನ ದಾಸವಾಳ ಗೋಡೆಗೇರಬೇಕು, ಅಪ್ಪ ಅದರ ಮುಂದೆ ನಿಂತು ನೋಡಬೇಕು, ಅಷ್ಟೇ ನನ್ನ ಆಸೆ. ಭಾನುವಾರ ಬಂದವರ ಮುಂದೆ ಚಿತ್ರವಿಟ್ಟೆ. ಬೆಳಕಿಗೆ ಹಿಡಿಯುವ ಬುದ್ಧಿ ಅವರಿಗೆಲ್ಲಿಂದ ಬರಬೇಕು? ಕಾಗದವನ್ನು ಬೆರಳಲ್ಲಿ ಉಜ್ಜಿ, ಯಾವ ಪುಸ್ತಕದಿಂದ ಇಳಿಸಿದ್ದು ಎಂದು ಕೇಳಿದರು. ಟ್ರೇಸಿಂಗ್ ಪೇಪರ್ ಎಂದಮೇಲೆ ಅಡಿಯಲ್ಲಿ ಇನ್ನೊಂದು ಚಿತ್ರ ಇದ್ದೇ ಇರಬೇಕು ಎಂಬುದು ಅವರ ಪಾಂಡಿತ್ಯ. ಹಿತ್ತಲಿನ ಹೂವು ನೋಡಿ ಬರೆದದ್ದು ಎಂದು ಹೇಳಿ, ಅವತ್ತು ಅರಳಿದ್ದ ಒಂದನ್ನು ಕಿತ್ತು ತಂದೆ.

ಆ ಮಹಾನುಭಾವರು ಹೂವನ್ನು ಮೇಜಿನ ಮೇಲಿಟ್ಟು, ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಅದರ ಮೇಲೆ ನನ್ನ ಚಿತ್ರ ಹಾಸಿದರು. ಎಸಳಿಗೆ ಎಸಳು ಕೂಡಲಿಲ್ಲ.

"ನೋಡಿ, ಕಾಪಿ ಹೊಡೆಯೋದಕ್ಕೂ ಬರಲ್ಲ ಇವಳಿಗೆ," ಎಂದು ಅಪ್ಪನಿಗೆ ಹೇಳಿ ಕಾಫಿ ಮುಗಿಸಿದರು.

ನಾನು ಅಳಲಿಲ್ಲ. ಅಂಥವರ ಮಾತಿಗೆ ಯಾರಾದರೂ ಅಳುತ್ತಾರೆಯೇ? ಅಪ್ಪ ಇದ್ದರಲ್ಲ, ಆ ಕಾಗದದ ಜೊತೆಗೇ ಅಷ್ಟು ವರ್ಷ ಕಳೆದವರು, ಅವರಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಮೇಷ್ಟರನ್ನು ಗೇಟಿನವರೆಗೆ ಬಿಟ್ಟುಬಂದು ಅಪ್ಪ ನನ್ನ ಪಕ್ಕ ಕೂತರು. ಚಿತ್ರದ ಹಿಂಬದಿಗೆ ಅಂಟಿದ್ದ ಎಸಳನ್ನು ಮೆಲ್ಲಗೆ ಬಿಡಿಸಿದರು.

"ಬೇಜಾರು ಮಾಡ್ಕೋಬೇಡ ಕಣಮ್ಮ. ನಾನೂ ಇಷ್ಟು ವರ್ಷದಿಂದ ಇನ್ನೊಬ್ರು ಬರೆದಿದ್ದನ್ನೇ ಇಳಿಸ್ತಿದೀನಿ. ಮುಂದಿನ ಸಲ ಪೇಪರ್ ಅಲುಗಾಡದ ಹಾಗೆ ಪಿನ್ ಹಾಕ್ಕೋ."