ಮುಳುಗಿದ ಬಾವಿಯ ಚಹಾ

ಕೊಲ್ಲಿ ದೇಶದ ಶುವೈಖ್ ಬಂದರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಕಡಲ ನೀರಿನಲ್ಲಿ ಚಹಾ ಮಾಡಿದೆ. ಬೇಕೆಂದು ಮಾಡಿದ್ದಲ್ಲ. ದೂರದಲ್ಲಿ ಲಂಗರು ಹಾಕಿ ನಿಂತ ಹಡಗುಗಳಿಗೆ ಜನರನ್ನೂ ಸಾಮಾನನ್ನೂ ಮುಟ್ಟಿಸುವ ಬೋಟು ನಮ್ಮದು. ಕ್ಯಾಪ್ಟನ್ ಮಲ್ಪೆ ಕಡೆಯ ತುಳುವರು. ಚಾ ಇಡು ಅಂದರು. ನನ್ನ ಕೈ ತನ್ನಷ್ಟಕ್ಕೆ ಬಕೆಟಿಗೆ ಹಗ್ಗ ಕಟ್ಟಿ ಹೊರಗೆ ಇಳಿಬಿಟ್ಟಿತು. ಅವರು ಒಂದು ಗುಟುಕು ಕುಡಿದು, ಉಗಿದು, ನನ್ನನ್ನೇ ನೋಡಿದರು.

"ಎಂತ ಮಾರಾಯಾ, ನೀನು ಬೋಟಿನವ ಅಂತ ಹೇಳಿದ್ದಲ್ವಾ? ಯಾವ ಕಡಲಿನ ಬೋಟು ನಿಂದು?"

ಕಡಲಲ್ಲ, ಹಿನ್ನೀರು ಅಂದೆ. ಅಂದಿನಿಂದ ಆ ಬೋಟಿನಲ್ಲಿ ನನ್ನ ಹೆಸರು ಸಿಹಿನೀರು.

ನನ್ನ ಸೋದರಮಾವ ಶರಾವತಿ ಹಿನ್ನೀರಿನಲ್ಲಿ ಲಾಂಚ್ ಓಡಿಸುತ್ತಿದ್ದರು. ಬಸ್ಸು, ಜೀಪು, ಮದುವೆ ದಿಬ್ಬಣ, ಬಾಣಂತಿ, ಕಟ್ಟಿ ಹಾಕಿದ ಕರು ಎಲ್ಲವನ್ನೂ ಆ ದಡದಿಂದ ಈ ದಡಕ್ಕೆ ದಾಟಿಸುವ ಲಾಂಚು. ಇಲ್ಲಿಗೆ ಬರುವ ಮೊದಲು ಐದು ವರ್ಷ ನಾನು ಅದರಲ್ಲಿ ಹಗ್ಗ ಎಸೆಯುವ, ಹಲಗೆ ಇಳಿಸುವ ಕೆಲಸ ಮಾಡಿದೆ. ದಡದ ಮನೆಯವರು ನಮ್ಮ ಹಾರ್ನ್ ಕೇಳಿ ಒಲೆ ಹಚ್ಚುತ್ತಿದ್ದರು. ಬೇಸಿಗೆಯಲ್ಲಿ ನೀರು ಇಳಿದರೆ ಸತ್ತ ಮರಗಳ ಬೊಡ್ಡೆಗಳು ತಲೆ ಎತ್ತುತ್ತಿದ್ದವು. ಯಾವ ಬೊಡ್ಡೆ ಎಲ್ಲಿದೆ ಎಂದು ಮಾವನಿಗೆ ನೀರು ತುಂಬಿದಾಗಲೂ ಗೊತ್ತಿತ್ತು. ಅದಕ್ಕೇ ನಿವೃತ್ತಿಯಾದ ಮೇಲೂ ಅವರನ್ನು ಕರೆದು ಕೂರಿಸುತ್ತಿದ್ದರು.

ಆ ನೀರಿನ ಅಡಿಯಲ್ಲಿ ಮಾವನ ಮನೆಯಿತ್ತು. ಅಣೆಕಟ್ಟು ಕಟ್ಟಿ ನೀರು ನಿಂತಾಗ ಅವರಿಗೆ ಐದೋ ಆರೋ ವರ್ಷ. ಮನೆಯ ನೆನಪು ಅಷ್ಟಿಲ್ಲ, ಹಿತ್ತಲ ಬಾವಿಯ ನೀರಿನ ರುಚಿ ಮಾತ್ರ ನಾಲಿಗೆಯಲ್ಲಿದೆ ಅನ್ನುತ್ತಿದ್ದರು. ಬೋಳು ಗುಡ್ಡದ ಕೊರಕಲು ಎಡಭುಜದ ನೇರಕ್ಕೆ ಬಂದು, ಎದುರಿನ, ಮಳೆಗಾಲದಲ್ಲೂ ಮುಳುಗದ ಕವಲು ಬೊಡ್ಡೆ ಆಚೆ ದಡದ ದೀಪದ ಕಂಬವನ್ನು ಮರೆ ಮಾಡಿದರೆ, ಅದೇ ಬಾವಿಯ ಜಾಗ. ಅಲ್ಲಿ ಎಂಜಿನ್ ಸಣ್ಣಗಾಗುತ್ತಿತ್ತು. ನಾನು ಬಕೆಟ್ ಇಳಿಸುತ್ತಿದ್ದೆ. ಲಾಂಚಿನ ಚಹಾಕ್ಕೆ ಬೇರೆ ಕಡೆಯ ನೀರನ್ನು ಮಾವ ಸೇರಿಸಿದವರಲ್ಲ. ಅವಸರದ ಪ್ರಯಾಣಿಕರು ಗೊಣಗಿದರೆ, ನಮ್ಮ ಬಾವಿಯಿಂದ ಒಂದು ಕೊಡ ಸೇದಿಕೊಳ್ಳಲೂ ಬಿಡುವುದಿಲ್ಲವಾ ನೀವು ಎಂದು ಅವರನ್ನೇ ಕೇಳುತ್ತಿದ್ದರು.

ಈಗ ಅಲ್ಲಿ ಸೇತುವೆಯಾಗಿದೆ. ಆಗಬೇಕಾದದ್ದೇ. ಹೆರಿಗೆ ನೋವಿನವರನ್ನು ಗಾಳಿಯಲ್ಲಿ ದಾಟಿಸಿದ ನಾನು ಅದು ಬೇಡವಿತ್ತು ಎಂದು ಹೇಗೆ ಹೇಳಲಿ? ಆದರೆ ಲಾಂಚು ನಿಲ್ಲುತ್ತದೆ ಅಂದಾಗ ಮಾವ ಫೋನ್ ಮಾಡಿದರು. "ಕೊನೆ ಟ್ರಿಪ್ಪಿಗೆ ಬಾರಾ. ನೀನೇ ಬಕೆಟ್ ಬಿಡು. ಆಮೇಲೆ ಆ ನೀರು ಯಾರಿಗೂ ಸಿಗೂದಿಲ್ಲ."

ಬರುತ್ತೇನೆ ಅಂದೆ. ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿಯ, ನವೀಕರಣಕ್ಕೆ ಕೊಟ್ಟ ಪಾಸ್‌ಪೋರ್ಟ್ ಕೈಗೆ ಬರಲಿಲ್ಲ. ದಿನವೂ ಆಫೀಸಿಗೆ ಹೋದೆ, ದಿನವೂ ನಾಳೆ ಅಂದರು. ಅದು ಸಿಗುವಷ್ಟರಲ್ಲಿ ಲಾಂಚು ಕೊನೆಯ ಸಲ ದಾಟಿ ಆಗಿತ್ತು. ಖಲಾಸ್.

ಬೇಸರ ಮಾಡಬೇಡ, ಬಾಟಲಿ ತುಂಬಿಸಿ ಇಟ್ಟಿದ್ದೇನೆ ಎಂದರು ಮಾವ. ರಿಗ್ಗೈ ಬಡಾವಣೆಯ ನಮ್ಮ ಕಟ್ಟಡದಲ್ಲೇ ಇರುವ ಕೊಂಕಣಿ ನರ್ಸಮ್ಮ ರಜೆಗೆ ಹೋದವರು ಅದನ್ನು ತಂದುಕೊಟ್ಟರು. ಸೀರೆಗಳ ನಡುವೆ ಸುತ್ತಿ ತಂದಿದ್ದೇನೆ, ತೀರ್ಥವೇನು ಇದು ಎಂದು ಕೇಳಿದರು. ಹೌದೆಂದೆ. ಅರ್ಧ ನೀರಿನಲ್ಲಿ ಚಹಾ ಮಾಡಿದೆ. ಮಗಳು ಲೋಟ ಮೂಸಿ, "ಪಪ್ಪಾ, ಈಸ್ ಇಟ್ ಫಿಲ್ಟರ್ಡ್?" ಅಂದಳು. ಹೆಂಡತಿ ನಕ್ಕಳು. ನಾನು ಒಂದೊಂದೇ ಗುಟುಕು ಕುಡಿದೆ. ಪ್ಲಾಸ್ಟಿಕ್ಕಿನ ವಾಸನೆ ಇತ್ತು, ಆದರೂ ಲೋಟ ಖಾಲಿ ಮಾಡಿದೆ.

ಮಾವನಿಗೆ ಫೋನ್ ಮಾಡಿ ಅದೇ ರುಚಿ ಅಂದೆ.

"ಅದು ಬಾವಿ ನೀರಲ್ಲ ಕಣಾ," ಅಂದರು. "ಅವತ್ತು ಲಾಂಚಿನ ತುಂಬ ಜನ. ಹಾರ ಹಾಕಿದ್ರು, ಫೋಟೊ ತೆಗೀತಿದ್ರು. ನನ್ನ ಕೊರಳಿಗೂ ಹಾಕಿದ್ರು. ಗುಡ್ಡ ದಾಟಿದ್ದೇ ಕಾಣಲಿಲ್ಲ. ಆಮೇಲೆ ದಡದಲ್ಲಿ ತುಂಬಿಸ್ದೆ."

ಎಷ್ಟೋ ಸಾವಿರ ಸಲ ನಿಲ್ಲಿಸಿದ ಜಾಗವನ್ನು ಮಾವ ಕೊನೆಯ ಸಲ ದಾಟಿಯೇ ಬಿಟ್ಟಿದ್ದರು. ನಾನು ಅಲ್ಲಿದ್ದಿದ್ದರೆ ಹಾರದ ಮರೆಯಿಲ್ಲದ ಎರಡು ಕಣ್ಣುಗಳಿರುತ್ತಿದ್ದವು. ಗುರುತು ನನಗೆ ನೆನಪಿದೆ ಎಂದೆ. ಬೋಳು ಗುಡ್ಡ, ಕೊರಕಲು, ಕವಲು ಬೊಡ್ಡೆ, ದೀಪದ ಕಂಬ ಎಲ್ಲ ಒಂದೊಂದಾಗಿ ಒಪ್ಪಿಸಿದೆ. ರಜೆಗೆ ಬಂದಾಗ ಯಾರದಾದರೂ ದೋಣಿ ಕೇಳೋಣ ಎಂದೆ.

"ಎಡಭುಜ ಅಂದ್ರೆ ನನ್ನ ಎತ್ತರಕ್ಕೆ ಕಣಾ. ನೀನು ನನಗಿಂತ ಗಿಡ್ಡ," ಎಂದರು ಮಾವ. "ಬಾ, ಕೂತು ನೋಡನ."

ಮಾರನೆಯ ಬೆಳಿಗ್ಗೆ ಉಳಿದ ಅರ್ಧ ಬಾಟಲಿಯನ್ನು ಬೋಟಿಗೆ ಒಯ್ದೆ. ಬಂದರು ದಾಟಿದ ಮೇಲೆ ಕ್ಯಾಪ್ಟನರ ಬಳಿ ಹೋಗಿ ಒಂದು ನಿಮಿಷ ಎಂಜಿನ್ ಸಣ್ಣ ಮಾಡಿ ಅಂದೆ. ಎಂತಕ್ಕೆ ಅಂದರು. ಚಾಕ್ಕೆ ನೀರು ಹಾಕಬೇಕು ಅಂದೆ. ಅವರು ನನ್ನ ಕೈಯ ಬಾಟಲಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎಂಜಿನ್ ಸಣ್ಣ ಮಾಡಿದರು.