ಬೇಕಾದ್ದು ತಿನ್ನು ಅಂದರಂತೆ

ಕೋಗಿಲಿನ ಬೈರಣ್ಣನಿಗೆ ಹೆಂಡತಿ ಸೊಣ್ಣಮ್ಮನ ಬಾಯಿಗೆ ಹೆದರುವುದು ಮದುವೆಯಾದಂದಿನಿಂದ ರೂಢಿ. ಅವಳಿಗೇನಾದರೂ ಆದೀತೆಂದು ಹೆದರುವುದು ಮಾತ್ರ ಹೊಸದು. ಅವಳ ಎದೆಯಲ್ಲಿ ಕ್ಯಾನ್ಸರ್ ಗಂಟು ಕಾಣಿಸಿ ಆಪರೇಷನ್ ಆದ ಮೇಲೆ, ಎರಡು ವರ್ಷ ದಿನಾ ಬೆಳಿಗ್ಗೆ ಮಾತ್ರೆ ನುಂಗಿಸುವ ಕೆಲಸ ಅವನದಾಯಿತು. ಆ ಮಾತ್ರೆಗೆ ಅವಳಿಗೆ ಮೈಯೆಲ್ಲ ಉರಿ ಏಳುತ್ತಿತ್ತು. ಉರಿ ಎದ್ದಾಗಲೆಲ್ಲ ಬೈಗುಳ ಬೈರಣ್ಣನಿಗೆ. ಅವಳು ಮಾತ್ರೆ ನುಂಗಿದ ಹಾಗೆ ಪುಣ್ಯಾತ್ಮ ಬೈಗುಳ ನುಂಗುತ್ತಿದ್ದ.

ಸಾವಿರದ ಒಂಬೈನೂರ ಎಂಬತ್ತಾರರ ಬೇಸಿಗೆಯಲ್ಲಿ ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ರೋಗದ ಸುಳಿವೇ ಇಲ್ಲ, ಮಾತ್ರೆ ನಿಲ್ಲಿಸಬಹುದು ಎಂದರು. ಇನ್ನೂ ಕೆಲವು ವರ್ಷ ನುಂಗಿದರೆ ಹೆಚ್ಚು ಒಳ್ಳೆಯದೋ ಏನೋ, ಅದು ಸದ್ಯಕ್ಕೆ ಯಾರಿಗೂ ಖಚಿತವಿಲ್ಲ, ಯೋಚಿಸಿ ನೀವೇ ಹೇಳಿ ಎಂದರು. ಪಥ್ಯವೇನೆಂದು ಬೈರಣ್ಣ ಕೇಳಿದ್ದಕ್ಕೆ, ಏನೂ ಇಲ್ಲ, ಬೇಕಾದ್ದು ತಿನ್ನಲಿ ಎಂದು ನಕ್ಕರು.

ಸೊಣ್ಣಮ್ಮ ಆಸ್ಪತ್ರೆಯ ಮೆಟ್ಟಿಲಲ್ಲೇ ತೀರ್ಮಾನ ಮಾಡಿಬಿಟ್ಟಳು: ಮಾತ್ರೆ ಸಾಕು. ಯಲಹಂಕದಲ್ಲಿ ಬಸ್ಸಿಳಿದವಳೇ ಸಿಕ್ಕವರಿಗೆಲ್ಲ ಸಾರಿದಳು, ಡಾಕ್ಟರು ಮಾತ್ರೆ ನಿಲ್ಲಿಸಿದರು, ಬೇಕಾದ್ದು ತಿನ್ನು ಅಂದರು ಎಂದು. ಅಯ್ಯೋ ಶಿವನೇ, ನಮ್ಮ ಕಡೆ ಡಾಕ್ಟರು ಆ ಮಾತು ಹೇಳುವುದು ಕೈಬಿಟ್ಟ ರೋಗಿಗೆ ಎನ್ನುವುದು ಆ ಸಂಭ್ರಮದಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಮಾರನೆಯ ದಿನದಿಂದ ಮನೆಗೆ ಬ್ರೆಡ್ಡು, ಮೂಸಂಬಿ ಬರತೊಡಗಿದವು. ಪಕ್ಕದ ಮನೆಯ ಗೌಹರ್ ಬೀ ಖೀರು ತಂದು, ಸೊಣ್ಣಮ್ಮ ತಿನ್ನುವುದನ್ನೇ ನೋಡುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಚಿಕ್ಕಜಾಲದಿಂದ ಬಂದ ಸೊಣ್ಣಮ್ಮನ ಅಕ್ಕ ಮಾರಕ್ಕನಂತೂ ಬಾಗಿಲಲ್ಲೇ ರಾಗ ತೆಗೆದಳು.

"ಇನ್ನೂ ಟೈಮೈತೆ, ಒಳೀಕ್ ಬಂದು ಅಳು" ಎಂದಳು ಸೊಣ್ಣಮ್ಮ, ಮೂಸಂಬಿ ಸುಲಿಯುತ್ತ. ಬಿಡಿಸಿ ಹೇಳಿದರೂ ಯಾರೂ ನಂಬಲಿಲ್ಲ. ಪಾಪ, ಅವಳಿಗೆ ವಿಷಯ ತಿಳಿಸಿಲ್ಲ ಎಂದುಕೊಂಡರು.

ಆ ಅಳು ಕೇಳಿ ಕೇಳಿ ಬೈರಣ್ಣ ಅರ್ಧ ಜೀವವಾದ. ಡಾಕ್ಟರ ಮಾತನ್ನು ಕಿವಿಯಾರೆ ಕೇಳಿದವನಿಗೂ ಅನುಮಾನ ಹೊಕ್ಕಿತು. ಮಾತ್ರೆ ಬಿಟ್ಟ ಮೇಲೆ ಗಂಟು ಮತ್ತೆ ಬಂದರೆ? ಒಂದು ಬೆಳಿಗ್ಗೆ, ಉಳಿದಿದ್ದ ಮಾತ್ರೆಯನ್ನು ಪುಡಿಮಾಡಿ ಅವಳ ಕಾಫಿಗೆ ಹಾಕುವಾಗ ಅವಳ ಕೈಗೇ ಸಿಕ್ಕಿಬಿದ್ದ. ಒರಳಿನಲ್ಲಿ ಕುಟ್ಟಿದರೆ ಸದ್ದಾಗದೆ ಇರುತ್ತದೆಯೇ?

ತಲೆ ತಗ್ಗಿಸಿ ಬೈಗುಳಕ್ಕೆ ಕಾದ. ಬರಲಿಲ್ಲ.

"ಎದ್ರುಕೊಂಡಿದ್ದೀಯಾ?" ಎಂದಳು.

"ಊಂ ಕಣೆ. ಇನ್ನೊಂದೀಟು ದಿನ ನುಂಗು. ನೀನಿಲ್ದೆ ನಂಗಾಗಕಿಲ್ಲ."

ಅಷ್ಟುದ್ದದ ಮಾತನ್ನು ಅವನು ಹೆಂಡತಿಯ ಮುಂದೆ ಆಡಿದವನೇ ಅಲ್ಲ. ಸೊಣ್ಣಮ್ಮ ಅವನ ಪಕ್ಕದಲ್ಲಿ ಕುಳಿತಳು.

"ಎದ್ರಿಕೆ ನಂಗೂ ಐತೆ ಕಣಯ್ಯಾ. ಡಾಕ್ಟ್ರು ಕರ್ದಾಗೆಲ್ಲ ತೋರ್ಸಾಕೆ ಬತ್ತೀನಿ, ಕರ್ಕೊಂಡೋಗು. ಆದ್ರೆ ನನ್ ಕಾಯ್ಲೆಗೆ ನಾನ್ ನುಂಗಿದ್ದಾಯ್ತು. ನಿನ್ ಎದ್ರಿಕೆಗೂ ನಾನೇ ನುಂಗ್ಬೇಕಾ?"

ಬೈರಣ್ಣ ಆ ಕಾಫಿಯನ್ನು ಬಚ್ಚಲಿಗೆ ಚೆಲ್ಲಿ, ಬೇರೆ ಕಾಫಿಗೆ ನೀರಿಟ್ಟ.