ಬಾವಿಗೆ ಹಾರ್ಯಾಳ

ನಮ್ಮ ಕಡೆ ಹುಡುಗ ಬಾವಿಗೆ ಹಾರಿದ ಅಂದರೆ ಈಸಾಡಲು ಹೋಗಿದ್ದಾನೆ ಎಂದರ್ಥ. ಹಸಿವಾದರೆ ಬರುತ್ತಾನೆ ಬಿಡು ಅನ್ನುತ್ತಾರೆ. ಹೆಣ್ಣುಮಗಳು ಹಾರಿದಳು ಅಂದರೆ ಹಗ್ಗ ತರುತ್ತಾರೆ, ಪೊಲೀಸರಿಗೆ ಹೇಳಿಕಳಿಸುತ್ತಾರೆ. ಬಾವಿ ಅದೇ, ನೀರು ಅದೇ. ಈ ಸಿಟ್ಟು ನನಗೆ ಎಂದಿನಿಂದ ಇತ್ತೋ, ಹೋದ ಬೇಸಿಗೆಯಲ್ಲಿ ಉಕ್ಕಿತು.

ತಂಗಿಯ ಮನೆ ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ. ಅವಳ ಮಗಳು ಏಳನೆಯ ಇಯತ್ತೆ ಮುಗಿಸಿ ಸೂಟಿಗೆ ನಮ್ಮ ತವರೂರು ಮಮದಾಪುರಕ್ಕೆ ಬಂದಿದ್ದಳು. ನಾನೂ ಬಬಲೇಶ್ವರದಿಂದ ಬಂದು ಕೂಡಿಕೊಂಡೆ. ಅಣ್ಣನ ಹೊಲದ ಬಾವಿಯಲ್ಲಿ ಹುಡುಗರು ಹಾರುವುದನ್ನು ನೋಡಿ, ನನಗೂ ಕಲಿಸು ಎಂದು ಹುಡುಗಿ ಮಾಮನ ಬೆನ್ನು ಬಿದ್ದಳು. ಅಣ್ಣ ನನ್ನ ಮುಖ ನೋಡಿದ. ಚಿಕ್ಕಂದಿನಲ್ಲಿ ಅವನು ಈಸುವಾಗ ಅದೇ ಬಾವಿಯ ದಂಡೆಯಲ್ಲಿ ಅವನ ಅಂಗಿ ಹಿಡಿದುಕೊಂಡು ನಿಂತವಳು ನಾನು. ಕಲಿಸು ಅಂದೆ.

ಮುಳುಗದಂತೆ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ನೀರಿಗಿಳಿಸಿದ. ಮೂಗಿಗೆ ನೀರು ಹೋಗಿ ಅತ್ತಳು. ಮೊಣಕಾಲು ಕಲ್ಲಿಗೆ ತರಚಿತು. ಮರುದಿನ ನಾವು ಏಳುವುದರೊಳಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಟ್ಟೆಗೆ ಕೂತಿದ್ದಳು. ವಾರದೊಳಗೆ ಡಬ್ಬಿ ಬಿಚ್ಚಿದಳು. ಆಮೇಲೊಂದು ಬೆಳಿಗ್ಗೆ, ಅಣ್ಣ ಮೋಟರ್ ಚಾಲೂ ಮಾಡಲು ಆಚೆ ಹೋದಾಗ, ನಾನು ನೋಡುತ್ತಿದ್ದಂತೆ ದಂಡೆಯಿಂದಲೇ ಹಾರಿದಳು.

ಹಾದಿಯಲ್ಲಿ ಹೊರಟಿದ್ದ ಒಬ್ಬಾತ ನೋಡಿದ. ಅವಳು ಮೇಲೆ ಬಂದಳೋ ಇಲ್ಲವೋ ಎಂದು ಇಣುಕಲೂ ಇಲ್ಲ, ಹುಡುಗಿ ಬಾವಿಗೆ ಹಾರ್ಯಾಳ ಎಂದು ಒದರುತ್ತ ಊರೊಳಗೆ ಓಡಿದ. ಅರ್ಧ ಊರು ಬಂತು. ಅಷ್ಟೊತ್ತೂ ಈಸುತ್ತಿದ್ದ ಇವಳು ನೀರಿನಿಂದ ತಲೆ ಎತ್ತಿ, ಎಲ್ಲರೂ ಯಾಕೆ ಬಂದಿದ್ದಾರೆ ಎಂದು ಕೇಳಿದಳು. ನಗಬೇಕಿತ್ತಲ್ಲ ಜನ? ಬೈದರು. ಅದೂ ನನ್ನನ್ನು. ಹುಡುಗಿಗೆ ಮನೆಯಲ್ಲಿ ಏನು ತ್ರಾಸಿತ್ತೋ ಎಂದು ಒಬ್ಬಾಕೆ ಮೆಲ್ಲಗೆ ಕೇಳಿದಳು. ನಿಮ್ಮಂಥವರದೇ ತ್ರಾಸು ಅಂದೆ.

ಫೋನು ಹೋಯಿತು. ಮಧ್ಯಾಹ್ನದ ಬಸ್ಸಿಗೆ ತಂಗಿ ಬಂದಳು, ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. ನಾನೂ ಬಿಡಲಿಲ್ಲ. ಸಾಲೆಯ ಸಾಹಸ ಶಿಬಿರದಲ್ಲಿ ಮಗಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೋಡೆ ಹತ್ತಿದ ಫೋಟೋವನ್ನು ಬಳಗಕ್ಕೆಲ್ಲ ಕಳಿಸಿದವಳು ನೀನೇ ಅಲ್ಲವೇ, ಧೈರ್ಯ ಫೋಟೋಕ್ಕಷ್ಟೇ ಸಾಕೇ ಎಂದು ಕೇಳಿದೆ.

"ಅಲ್ಲಿ ಹಿಡಿಯಾಕ ಮಂದಿ ಇರ್ತಾರ. ಇಲ್ಲಿ ಅಣ್ಣ ಇಲ್ಲದಾಗ ಅಕಿ ಮುಳುಗಿದ್ರ ನೀ ಇಳೀತಿದ್ದಿ ಏನ ಯಕ್ಕಾ? ನಿನಗ ಈಸಾಕ ಬರ್ತೈತಿ?"

ಬರುವುದಿಲ್ಲ. ಅದಕ್ಕೇ ದನಿ ಏರಿಸಿದೆ.

"ನನಗೂ ಬರೂದಿಲ್ಲ, ನಿನಗೂ ಬರೂದಿಲ್ಲ. ನಮಗ ಯಾರ ಕಲಿಸಿದ್ರು ಲೇ?"

ತಂಗಿ ಮಗಳ ಬಟ್ಟೆಗಳನ್ನು ಚೀಲಕ್ಕೆ ತುರುಕಿದಳು. ಆಮೇಲೆ, "ಹಂಗಾರ ಮೊದಲ ನೀ ಕಲಿ. ಆಮ್ಯಾಲ ನನ್ನ ಮಗಳನ್ನ ಇಳಸು" ಎಂದವಳೇ ಅಳುತ್ತಿದ್ದ ಹುಡುಗಿಯ ಕೈ ಹಿಡಿದು ಸಂಜೆಯ ಬಸ್ಸು ಹತ್ತಿದಳು. ಚೇಷ್ಟೆಗೆ ಅಂದ ಮಾತು ಅದು, ನನಗೆ ಗೊತ್ತು. ಈ ವಯಸ್ಸಿನಲ್ಲಿ ಇವಳೆಲ್ಲಿ ಕಲಿಯುತ್ತಾಳೆ ಎಂಬ ಧೈರ್ಯ.

ಮರುದಿನ ಅತ್ತಿಗೆಯ ಹಳೆಯ ಚೂಡಿದಾರ ತೊಟ್ಟು ಬಾವಿಗೆ ಹೋದೆ, ಡಬ್ಬಿ ಕಟ್ಟು ಅಂದೆ. ಅಣ್ಣ ನಕ್ಕ, ನನ್ನ ಮುಖ ನೋಡಿ ನಗು ನಿಲ್ಲಿಸಿದ. ಎದೆಮಟ್ಟ ನೀರು ಬಂದಾಗ ಗೋಡೆಯ ಕಲ್ಲು ಹಿಡಿದೆ. ಕೆಳಗಿನ ಮೆಟ್ಟಿಲು ಸಿಗದೆ ಮುಳುಗಿದೆ, ನೀರು ಕುಡಿದೆ, ಮೇಲೆ ಬಂದು ಅಣ್ಣನನ್ನು, ತಂಗಿಯನ್ನು, ಅಂದು ನನ್ನ ಕೈಗೆ ಅಂಗಿ ಕೊಟ್ಟು ದಂಡೆಯಲ್ಲಿ ನಿಲ್ಲಿಸಿದ ಹಿರಿಯರನ್ನೆಲ್ಲ ಬೈದೆ. ದಂಡೆಯ ಮೇಲೆ ನಿಂತು ನೋಡುವವರೇನೂ ಕಡಿಮೆ ಇರಲಿಲ್ಲ. ಊರಲ್ಲಿದ್ದಷ್ಟು ದಿನವೂ ಇಳಿದೆ, ಬಬಲೇಶ್ವರಕ್ಕೆ ಮರಳಿದ ಮೇಲೆ ವಾರಕ್ಕೊಮ್ಮೆ ಬಂದು ಇಳಿದೆ. ಅಂಜಿಕೆ ಹೋಗಿಲ್ಲ. ಅದನ್ನೂ ಜೊತೆಗೇ ಕರೆದುಕೊಂಡು ಇಳಿಯುತ್ತೇನೆ.

ಮೊನ್ನೆ ಹುಡುಗಿ ಫೋನು ಮಾಡಿದಳು. ಹಿಂದಿನಿಂದ ತಂಗಿಯ ದನಿ ಕೇಳಿಸಿತು: "ಡಬ್ಬಿ ಬಿಚ್ಚ್ಯಾಳೋ ಇಲ್ಲೋ ಕೇಳ ಅಕಿನ್ನ."

ಇನ್ನೂ ಇಲ್ಲ ಅಂದೆ. ದೀಪಾವಳಿ ಸೂಟಿಗೆ ಹುಡುಗಿ ಬರುವುದರೊಳಗೆ ಬಿಚ್ಚಬೇಕು.